ರ‍್ಯಾಮ್ ಸ್ಪೀಡ್ ಹೆಚ್ಚಾದರೆ ಗೇಮ್ ಫಾಸ್ಟ್ ಆಗುತ್ತಾ? ಹೊಸ ಕಿಟ್‌ಗೆ ದುಡ್ಡು ಸುರಿಯುವ ಮುನ್ನ ಇದನ್ನೊಮ್ಮೆ ಓದಿ

ಮುಂಬೈನ ಲ್ಯಾಮಿಂಗ್ಟನ್ ರೋಡ್ ಇರಲಿ, ದೆಹಲಿಯ ನೆಹರು ಪ್ಲೇಸ್ ಇರಲಿ, ಚೆನ್ನೈನ ರಿಚಿ ಸ್ಟ್ರೀಟ್ ಇರಲಿ, ಗೇಮಿಂಗ್ ಪಿಸಿ ಕಟ್ಟಿಸಲು ಹೋದವರಿಗೆ ಅಂಗಡಿಯಲ್ಲಿ ಎದುರಾಗುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. 'ರ‍್ಯಾಮ್ 3200 ಹಾಕಲಾ, 3600 ಹಾಕಲಾ? ಡಿಡಿಆರ್5 ಆದರೆ 5200 ಸಾಕಾ, 6000 ಬೇಕಾ?' ಅರ್ಧ ನಿಮಿಷ ಯೋಚಿಸಿ, ದೊಡ್ಡ ಸಂಖ್ಯೆಯದ್ದೇ ಕೊಡಿ ಎನ್ನುವವರೇ ಹೆಚ್ಚು. ಆ ದೊಡ್ಡ ಸಂಖ್ಯೆಯಿಂದ ಗೇಮ್‌ನಲ್ಲಿ ಏನು ಬದಲಾಗುತ್ತದೆ ಎಂದು ಕೇಳಿದರೆ ಮಾತ್ರ ಉತ್ತರ ಇರುವುದಿಲ್ಲ.

ಮೊದಲಾದರೆ ಇದು ಕೆಲವು ನೂರು ರೂಪಾಯಿಯ ಪ್ರಶ್ನೆಯಾಗಿತ್ತು. ಈಗ ಹಾಗಿಲ್ಲ. 2025ರ ಕೊನೆಯ ಹೊತ್ತಿಗೆ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದಾಗಿ ಮೆಮೊರಿ ಚಿಪ್‌ಗಳ ಬೆಲೆ ಜಗತ್ತಿನಾದ್ಯಂತ ಏರಿತು. ಡಿಡಿಆರ್5 ಕಿಟ್‌ಗಳ ಪೈಕಿ ಹಲವು ಕೆಲವೇ ತಿಂಗಳಲ್ಲಿ ದುಪ್ಪಟ್ಟು ಬೆಲೆ ದಾಟಿದವು. ಅದೇ ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ, ಬಜೆಟ್ ಪಿಸಿ ಕಟ್ಟುವವರ ನೆಚ್ಚಿನ ಕ್ರೂಷಿಯಲ್ ಬ್ರ್ಯಾಂಡ್‌ನ ಗ್ರಾಹಕ ವ್ಯವಹಾರದಿಂದಲೇ ಹೊರಬರುವುದಾಗಿ ಘೋಷಿಸಿತು. ಇಂಥ ಹೊತ್ತಲ್ಲಿ ಬೇಡದ ಸ್ಪೀಡ್‌ಗೆ ಕೊಟ್ಟ ದುಡ್ಡು ಗ್ರಾಫಿಕ್ಸ್ ಕಾರ್ಡ್‌ನ ಬಜೆಟ್‌ನಿಂದ ಕಡಿತವಾಗುತ್ತದೆ.

ಚಿಕ್ಕ ಉತ್ತರ ಬೇಕಿದ್ದರೆ ಇಷ್ಟು: ರ‍್ಯಾಮ್ ಸ್ಪೀಡ್‌ನಿಂದ ವ್ಯತ್ಯಾಸ ಆಗುತ್ತದೆ, ಆದರೆ ಎಲ್ಲರಿಗೂ ಅಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದವರಿಗೆ ಭಾರಿ ವ್ಯತ್ಯಾಸ. 144 ಅಥವಾ 240 ಹರ್ಟ್ಸ್ ಮಾನಿಟರ್‌ನಲ್ಲಿ ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2 ಆಡುವವರಿಗೆ ಕಣ್ಣಿಗೆ ಕಾಣುವಷ್ಟು. 4ಕೆ ಟಿವಿಗೆ ಹಾಕಿಕೊಂಡು ಸೈಬರ್‌ಪಂಕ್ ಆಡುವವರಿಗೆ ಬಹುತೇಕ ಶೂನ್ಯ. ಇನ್ನೂ ಒಂದು ವರ್ಗವಿದೆ. ಸ್ಪೀಡ್‌ಗೆ ದುಡ್ಡು ಕೊಟ್ಟಾಗಿದೆ, ಆದರೆ ಅದನ್ನು ಆನ್ ಮಾಡಿಕೊಂಡಿಲ್ಲ. ಅವರ ವಿಷಯ ಮುಂದೆ ಬರುತ್ತದೆ.

ಪೆಟ್ಟಿಗೆ ಮೇಲಿನ 3200 ಎಂದರೆ ಏನು?

ಡಿಡಿಆರ್ ಎಂಬುದರಲ್ಲಿ ಮೊದಲ ಎರಡು ಅಕ್ಷರಗಳು 'ಡಬಲ್ ಡೇಟಾ' ಎಂಬುದಕ್ಕೆ. ಅಂದರೆ ಗಡಿಯಾರದ ಒಂದು ಮಿಡಿತಕ್ಕೆ ಎರಡು ಬಾರಿ ಮಾಹಿತಿ ಸಾಗುತ್ತದೆ. ಹಾಗಾಗಿ 3200 ಎಂದು ಬರೆದಿರುವ ರ‍್ಯಾಮ್‌ನ ನಿಜವಾದ ಕ್ಲಾಕ್ 1600 ಮೆಗಾಹರ್ಟ್ಸ್ ಮಾತ್ರ. 3200 ಎನ್ನುವುದು ಸೆಕೆಂಡಿಗೆ ಎಷ್ಟು ಮಿಲಿಯನ್ ಬಾರಿ ಮಾಹಿತಿ ವರ್ಗಾವಣೆ ಆಗುತ್ತದೆ ಎಂಬ ಲೆಕ್ಕ. ಸಿಪಿಯು-ಝಡ್‌ನಂಥ ಸಾಫ್ಟ್‌ವೇರ್‌ನಲ್ಲಿ 1600 ಎಂದು ನೋಡಿ ಅಂಗಡಿಯವನು ಮೋಸ ಮಾಡಿದ ಎಂದು ಜಗಳಕ್ಕೆ ಹೋಗುವ ಮುನ್ನ ಅದನ್ನು ಎರಡರಿಂದ ಗುಣಿಸಿ ನೋಡಿ.

ಪ್ರತಿ ವರ್ಗಾವಣೆಯಲ್ಲಿ ಒಂದು ಚಾನೆಲ್ 8 ಬೈಟ್ ಸಾಗಿಸುತ್ತದೆ. 3200 ರ‍್ಯಾಮ್‌ನ ಒಂದು ಸ್ಟಿಕ್ ಸೆಕೆಂಡಿಗೆ ಗರಿಷ್ಠ 25.6 ಜಿಬಿ ಮಾಹಿತಿ ಸಾಗಿಸಬಲ್ಲದು. ಎರಡು ಸ್ಟಿಕ್ ಸರಿಯಾದ ಜಾಗದಲ್ಲಿ ಕೂತರೆ 51.2 ಜಿಬಿ. ಡಿಡಿಆರ್5 6000 ಆದರೆ ಎರಡು ಸ್ಟಿಕ್‌ಗೆ 96 ಜಿಬಿ. ಇದಕ್ಕೆ ಬ್ಯಾಂಡ್‌ವಿಡ್ತ್ ಎನ್ನುತ್ತಾರೆ.

ಗೇಮ್ ಮಟ್ಟಿಗೆ ಇದು ಅರ್ಧ ಕಥೆ ಮಾತ್ರ. ಉಳಿದರ್ಧ ಲೇಟೆನ್ಸಿ, ಅಂದರೆ ಕೇಳಿದ ಮೇಲೆ ಮಾಹಿತಿ ಬರಲು ಹಿಡಿಯುವ ಸಮಯ.

ಮಾಟುಂಗಾದ ಉಡುಪಿ ಹೋಟೆಲ್ ಒಂದರ ಅಡುಗೆಮನೆ ನೆನಪಿಸಿಕೊಳ್ಳಿ. ಕಾವಲಿ ಮುಂದೆ ನಿಂತ ಭಟ್ಟರು ಪ್ರೊಸೆಸರ್. ಅವರ ಕೈಗೆಟುಕುವ ಹಿಟ್ಟಿನ ಪಾತ್ರೆ, ಪಲ್ಯದ ಬಟ್ಟಲು ಕ್ಯಾಶ್ ಮೆಮೊರಿ. ಹಿಂದಿನ ಉಗ್ರಾಣ ರ‍್ಯಾಮ್. ಎಸ್‌ಎಸ್‌ಡಿ ಎಂದರೆ ದಾದರ್ ಮಾರ್ಕೆಟ್. ಕೈಗೆ ಸಿಗುವ ಪಾತ್ರೆಯಲ್ಲಿ ಹಿಟ್ಟು ಇರುವ ತನಕ ದೋಸೆ ನಿಲ್ಲುವುದಿಲ್ಲ. ಮುಗಿದ ಕೂಡಲೇ ಹುಡುಗ ಉಗ್ರಾಣಕ್ಕೆ ಓಡಬೇಕು. ಅವನು ಒಂದು ಸಲಕ್ಕೆ ಎಷ್ಟು ಹೊತ್ತು ತರುತ್ತಾನೆ ಎಂಬುದು ಬ್ಯಾಂಡ್‌ವಿಡ್ತ್. ಕೂಗಿದ ಮೇಲೆ ಎಷ್ಟು ಹೊತ್ತಿಗೆ ವಾಪಸ್ ಬರುತ್ತಾನೆ ಎಂಬುದು ಲೇಟೆನ್ಸಿ. ಅಷ್ಟರ ತನಕ ಭಟ್ಟರು ಸೌಟು ಹಿಡಿದು ಸುಮ್ಮನೆ ನಿಂತಿರಬೇಕು. ದಾದರ್‌ಗೇ ಹೋಗಬೇಕಾಗಿ ಬಂದರೆ ಗಿರಾಕಿ ಎದ್ದು ಹೋಗುತ್ತಾನೆ.

ಪ್ರೊಸೆಸರ್ ಎಷ್ಟು ಹೊತ್ತು ಸುಮ್ಮನೆ ನಿಲ್ಲುತ್ತದೆ? 5 ಗಿಗಾಹರ್ಟ್ಸ್ ವೇಗದ ಪ್ರೊಸೆಸರ್‌ಗೆ ಒಂದು ಮಿಡಿತ ಎಂದರೆ 0.2 ನ್ಯಾನೋಸೆಕೆಂಡ್. ರ‍್ಯಾಮ್‌ನಿಂದ ಮಾಹಿತಿ ಬಂದು ಮುಟ್ಟಲು ಡೆಸ್ಕ್‌ಟಾಪ್‌ಗಳಲ್ಲಿ ಸುಮಾರು 60ರಿಂದ 90 ನ್ಯಾನೋಸೆಕೆಂಡ್ ಹಿಡಿಯುತ್ತದೆ. 80 ಎಂದುಕೊಂಡರೂ 400 ಮಿಡಿತ ವ್ಯರ್ಥ. ವಿಡಿಯೋ ಎಡಿಟಿಂಗ್‌ನಂಥ ಕೆಲಸದಲ್ಲಿ ಮುಂದೆ ಯಾವ ಮಾಹಿತಿ ಬೇಕು ಎಂದು ಪ್ರೊಸೆಸರ್ ಮೊದಲೇ ಊಹಿಸಿ ತರಿಸಿಟ್ಟುಕೊಳ್ಳಬಹುದು. ಗೇಮ್‌ನಲ್ಲಿ ಅದು ಕಷ್ಟ. ಆಟಗಾರ ಯಾವ ಕಡೆ ತಿರುಗುತ್ತಾನೆ, ಗುಂಡು ಯಾರಿಗೆ ತಾಗುತ್ತದೆ ಎಂಬುದು ಆ ಕ್ಷಣದವರೆಗೂ ಗೊತ್ತಿರುವುದಿಲ್ಲ. ಮಾಹಿತಿ ಮೆಮೊರಿಯ ಮೂಲೆ ಮೂಲೆಯಲ್ಲಿ ಚದುರಿರುತ್ತದೆ. ಅದಕ್ಕೇ ಗೇಮ್‌ಗಳಿಗೆ ಲೇಟೆನ್ಸಿ ಇಷ್ಟು ಮುಖ್ಯವಾಗುವುದು.

ಸಿಎಲ್ ಸಂಖ್ಯೆ ನೋಡದೆ ಕೊಳ್ಳಬೇಡಿ

ರ‍್ಯಾಮ್ ಸ್ಟಿಕ್ ಮೇಲೆ 3200ರ ಪಕ್ಕದಲ್ಲಿ ಸಿಎಲ್16 ಎಂದೋ ಸಿಎಲ್22 ಎಂದೋ ಇರುತ್ತದೆ. ಬೇಡಿಕೆ ಬಂದ ಮೇಲೆ ರ‍್ಯಾಮ್ ಉತ್ತರ ಕೊಡಲು ಎಷ್ಟು ಮಿಡಿತ ತೆಗೆದುಕೊಳ್ಳುತ್ತದೆ ಎಂಬ ಲೆಕ್ಕ ಇದು. ಇದನ್ನು ಸಮಯಕ್ಕೆ ಪರಿವರ್ತಿಸುವುದು ಸುಲಭ. ಸಿಎಲ್ ಅನ್ನು 2000ದಿಂದ ಗುಣಿಸಿ, ಸ್ಪೀಡ್‌ನಿಂದ ಭಾಗಿಸಿ. ಮೊಬೈಲ್ ಕ್ಯಾಲ್ಕುಲೇಟರ್ ಸಾಕು.

3200 ಸಿಎಲ್16ಕ್ಕೆ 10 ನ್ಯಾನೋಸೆಕೆಂಡ್ ಬರುತ್ತದೆ. 3600 ಸಿಎಲ್18ಕ್ಕೂ 10. ಡಿಡಿಆರ್5 6000 ಸಿಎಲ್30ಕ್ಕೂ ಅದೇ 10. ಆದರೆ ಡಿಡಿಆರ್5 4800 ಸಿಎಲ್40ಕ್ಕೆ ಲೆಕ್ಕ ಹಾಕಿದರೆ 16.67 ಬರುತ್ತದೆ. 2021ರ ನವೆಂಬರ್‌ನಲ್ಲಿ ಇಂಟೆಲ್‌ನ 12ನೇ ತಲೆಮಾರಿನ ಪ್ರೊಸೆಸರ್‌ಗಳ ಜೊತೆ ಡಿಡಿಆರ್5 ಮಾರುಕಟ್ಟೆಗೆ ಬಂದಾಗ, ಹೆಚ್ಚು ದುಡ್ಡು ಕೊಟ್ಟು ಆರಂಭಿಕ ಕಿಟ್ ಕೊಂಡ ಹಲವರಿಗೆ ಗೇಮ್‌ಗಳಲ್ಲಿ ಒಳ್ಳೆಯ ಡಿಡಿಆರ್4ಗಿಂತ ಹೇಳಿಕೊಳ್ಳುವಂಥ ಲಾಭ ಕಾಣದೇ ಹೋದದ್ದು ಇದೇ ಕಾರಣಕ್ಕೆ. ಹುಡುಗನಿಗೆ ದೊಡ್ಡ ಬುಟ್ಟಿ ಕೊಟ್ಟರು, ಅವನ ನಡಿಗೆ ನಿಧಾನವಾಯಿತು.

ಇಡೀ ದಾರಿಯಲ್ಲಿ ಸಿಎಲ್ ಒಂದು ಭಾಗ ಮಾತ್ರ ಎಂಬುದೂ ನೆನಪಿರಲಿ. 80 ನ್ಯಾನೋಸೆಕೆಂಡ್‌ನಲ್ಲಿ 10 ಅಥವಾ 16 ಇದರದ್ದು. ಹಾಗಾಗಿ 3200 ಸಿಎಲ್16 ಬದಲಿಗೆ ಸಿಎಲ್14 ಕಿಟ್‌ಗೆ ಎರಡು ಪಟ್ಟು ಬೆಲೆ ಕೊಡುವುದು ಬೆಂಚ್‌ಮಾರ್ಕ್ ಪ್ರಿಯರ ಖಯಾಲಿಯೇ ಹೊರತು ಜಾಣ ಖರೀದಿಯಲ್ಲ.

ಎಫ್‌ಪಿಎಸ್ ಏಕೆ ಕೆಲವೊಮ್ಮೆ ಅಲುಗಾಡುವುದೇ ಇಲ್ಲ?

ಪ್ರತಿ ಫ್ರೇಮ್‌ಗೂ ಇಬ್ಬರು ಕೆಲಸ ಮಾಡಬೇಕು. ಪ್ರೊಸೆಸರ್ ಆಟದ ಲೆಕ್ಕ ಹಾಕುತ್ತದೆ, ಗ್ರಾಫಿಕ್ಸ್ ಕಾರ್ಡ್ ಚಿತ್ರ ಬಿಡಿಸುತ್ತದೆ. ಇಬ್ಬರಲ್ಲಿ ನಿಧಾನ ಯಾರೋ ಅವರ ವೇಗವೇ ಆಟದ ವೇಗ.

ಒಂದು ಲೆಕ್ಕ ನೋಡೋಣ. ಗ್ರಾಫಿಕ್ಸ್ ಕಾರ್ಡ್‌ಗೆ ಒಂದು ಫ್ರೇಮ್‌ಗೆ 20 ಮಿಲಿಸೆಕೆಂಡ್ ಬೇಕು, ಪ್ರೊಸೆಸರ್‌ಗೆ 8 ಬೇಕು ಎಂದಿಟ್ಟುಕೊಳ್ಳಿ. ಸ್ಕ್ರೀನ್ ಮೇಲೆ ಬರುವುದು 50 ಎಫ್‌ಪಿಎಸ್. ಒಳ್ಳೆಯ ರ‍್ಯಾಮ್ ಹಾಕಿ ಪ್ರೊಸೆಸರ್ ಸಮಯವನ್ನು 7ಕ್ಕೆ ಇಳಿಸಿದರೂ ಬರುವುದು 50 ಎಫ್‌ಪಿಎಸ್ಸೇ. ಈಗ ಗ್ರಾಫಿಕ್ಸ್ ಸೆಟ್ಟಿಂಗ್ ಕಡಿಮೆ ಮಾಡಿದಿರಿ, ಕಾರ್ಡ್ 5 ಮಿಲಿಸೆಕೆಂಡ್‌ಗೆ ಕೆಲಸ ಮುಗಿಸುತ್ತಿದೆ. ಪ್ರೊಸೆಸರ್ 8 ತೆಗೆದುಕೊಂಡರೆ 125 ಎಫ್‌ಪಿಎಸ್, 7 ತೆಗೆದುಕೊಂಡರೆ ಹೆಚ್ಚುಕಡಿಮೆ 143. ರ‍್ಯಾಮ್ ಅದೇ, ಆಟ ಅದೇ, ಫಲಿತಾಂಶ ಬೇರೆ. ಯೂಟ್ಯೂಬ್‌ನಲ್ಲಿ ಒಬ್ಬರು 'ರ‍್ಯಾಮ್ ಸ್ಪೀಡ್ ಸುಳ್ಳು' ಎಂದು, ಇನ್ನೊಬ್ಬರು 'ಸಿಕ್ಕಾಪಟ್ಟೆ ವ್ಯತ್ಯಾಸ' ಎಂದು ವಿಡಿಯೋ ಮಾಡುವುದೂ, ಇಬ್ಬರೂ ಸರಿಯಾಗಿರುವುದೂ ಹೀಗೆ.

ನಿಮ್ಮ ಪಿಸಿಯಲ್ಲಿ ಯಾರು ನಿಧಾನ ಎಂದು ತಿಳಿಯಲು ಖರ್ಚಿಲ್ಲದ ಪರೀಕ್ಷೆಯೊಂದಿದೆ. ನೀವು ಆಡುವ ಗೇಮ್‌ನಲ್ಲಿ ರೆಸಲ್ಯೂಷನ್ ಅನ್ನು 1080ಪಿಯಿಂದ 720ಪಿಗೆ ಇಳಿಸಿ. ಎಫ್‌ಪಿಎಸ್ ಜಿಗಿದರೆ ಗ್ರಾಫಿಕ್ಸ್ ಕಾರ್ಡ್ ನಿಧಾನ ಎಂದರ್ಥ, ರ‍್ಯಾಮ್ ಬದಲಿಸಿ ಪ್ರಯೋಜನವಿಲ್ಲ. ಇದ್ದಲ್ಲೇ ಇದ್ದರೆ ಪ್ರೊಸೆಸರ್ ಅಥವಾ ಮೆಮೊರಿ ತಡೆಯುತ್ತಿದೆ. ಫ್ರೇಮ್ ಮಿತಿ ಮತ್ತು ವಿ-ಸಿಂಕ್ ಆಫ್ ಮಾಡಿಕೊಂಡು ನೋಡಬೇಕು, ಇಲ್ಲದಿದ್ದರೆ ಪರೀಕ್ಷೆಗೆ ಅರ್ಥವಿಲ್ಲ.

ಸರಾಸರಿ ಎಫ್‌ಪಿಎಸ್ ಒಂದನ್ನೇ ನೋಡುವುದೂ ದಾರಿ ತಪ್ಪಿಸುತ್ತದೆ. ವಿಮರ್ಶೆಗಳಲ್ಲಿ '1 ಪರ್ಸೆಂಟ್ ಲೋ' ಎಂಬ ಸಂಖ್ಯೆ ಇರುತ್ತದೆ. ಅತಿ ನಿಧಾನವಾಗಿ ಬಂದ ಶೇ 1ರಷ್ಟು ಫ್ರೇಮ್‌ಗಳ ಲೆಕ್ಕ ಅದು. ಸ್ಮೋಕ್ ಬಾಂಬ್ ಬಿದ್ದು, ನಾಲ್ಕು ಕಡೆಯಿಂದ ಗುಂಡು ಹಾರುವಾಗ ಆಟ ಒಂದು ಕ್ಷಣ ತಡವರಿಸುತ್ತದಲ್ಲ, ಅದು ಕಾಣುವುದು ಇಲ್ಲಿ. ನಿಧಾನ ರ‍್ಯಾಮ್‌ನ ಏಟು ಸರಾಸರಿಗಿಂತ ಇಲ್ಲಿ ಜೋರಾಗಿ ಬೀಳುವುದುಂಟು.

ಗ್ರಾಫಿಕ್ಸ್ ಕಾರ್ಡ್ ಇಲ್ಲದವರೇ, ಇದು ನಿಮಗೆ

ಕಾಲೇಜು ಹುಡುಗರ ಲ್ಯಾಪ್‌ಟಾಪ್, ಆಫೀಸ್ ಲ್ಯಾಪ್‌ಟಾಪ್, ರೈಜೆನ್ 5 5600ಜಿ ಹಾಕಿ ಕಟ್ಟಿದ ಪುಟ್ಟ ಪಿಸಿ. ನಮ್ಮಲ್ಲಿ ಬಹಳಷ್ಟು ಜನ ಗೇಮ್ ಆಡುವುದು ಇಂಥವುಗಳಲ್ಲೇ. ರ‍್ಯಾಮ್ ವಿಷಯದಲ್ಲಿ ಅತಿ ಹೆಚ್ಚು ಕಳೆದುಕೊಳ್ಳುವವರೂ ಇವರೇ.

ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್‌ಗೆ ಅದರದ್ದೇ ಮೆಮೊರಿ ಇರುತ್ತದೆ. ಹಳೆಯ ಜಿಟಿಎಕ್ಸ್ 1650ರಲ್ಲೂ ಸೆಕೆಂಡಿಗೆ 128 ಜಿಬಿ ಸಾಗಿಸುವ 4 ಜಿಬಿ ಮೆಮೊರಿ ಇದೆ, ಅದೂ ಅದೊಂದಕ್ಕೇ ಮೀಸಲು. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ಗೆ ಆ ಭಾಗ್ಯ ಇಲ್ಲ. ಅದು ಸಾಮಾನ್ಯ ರ‍್ಯಾಮ್‌ನಲ್ಲೇ ಪಾಲು ಪಡೆಯಬೇಕು. 8 ಜಿಬಿಯ ಒಂದೇ ಸ್ಟಿಕ್ ಹಾಕಿದ ಲ್ಯಾಪ್‌ಟಾಪ್‌ನಲ್ಲಿ ಪ್ರೊಸೆಸರ್, ಗ್ರಾಫಿಕ್ಸ್, ವಿಂಡೋಸ್ ಮೂವರೂ ಸೇರಿ ಆ 25.6 ಜಿಬಿಯಲ್ಲಿ ಹಂಚಿಕೊಳ್ಳಬೇಕು. ಒಂದೇ ನಲ್ಲಿಗೆ ಇಡೀ ಚಾಳಿನವರು ಬಿಂದಿಗೆ ಹಿಡಿದು ನಿಂತಂತೆ.

ಇನ್ನೊಂದು ಸ್ಟಿಕ್ ಸೇರಿಸಿದರೆ ಎರಡನೇ ನಲ್ಲಿ ಬಂದಂತೆ. ಇದೇ ಡ್ಯುಯಲ್ ಚಾನೆಲ್. 2666 ಬದಲು 3200 ಹಾಕುವುದಕ್ಕಿಂತ ಒಂದರ ಬದಲು ಎರಡು ಸ್ಟಿಕ್ ಹಾಕುವುದು ಎಷ್ಟೋ ಮೇಲು. ಮೊದಲನೆಯದರಲ್ಲಿ ಬ್ಯಾಂಡ್‌ವಿಡ್ತ್ ಶೇ 20ರಷ್ಟು ಏರಿದರೆ, ಎರಡನೆಯದರಲ್ಲಿ ಇಮ್ಮಡಿಯಾಗುತ್ತದೆ.

ಇಂಟೆಲ್ ಇದನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿದೆ ಎಂದರೆ, 11ನೇ ತಲೆಮಾರಿನ ಕೋರ್ ಐ5 ಲ್ಯಾಪ್‌ಟಾಪ್‌ನಲ್ಲಿ ಒಂದೇ ಸ್ಟಿಕ್ ಇದ್ದರೆ ಅದರ ಗ್ರಾಫಿಕ್ಸ್ ಹೆಸರು 'ಐರಿಸ್ ಎಕ್ಸ್‌ಇ' ಎಂದು ತೋರಿಸುವುದೇ ಇಲ್ಲ, 'ಯುಎಚ್‌ಡಿ ಗ್ರಾಫಿಕ್ಸ್' ಎಂದೇ ಬರುತ್ತದೆ. ಇನ್ನೊಂದು ಸ್ಟಿಕ್ ಹಾಕಿದರೆ ಹೆಸರು ಬದಲಾಗುತ್ತದೆ. ಚಿಪ್ ಒಂದೇ! ಜಾಹೀರಾತಿನಲ್ಲಿ ಐರಿಸ್ ಎಕ್ಸ್‌ಇ ಎಂದು ಓದಿ ಕೊಂಡು, ಮನೆಗೆ ತಂದು ನೋಡಿದರೆ ಯುಎಚ್‌ಡಿ ಎಂದಿದೆ ಎಂದು ಕಂಗಾಲಾದವರಿಗೆ ಕಾರಣ ಇದು.

ಡಿಡಿಆರ್5 ಬಂದ ಮೇಲೆ ಇನ್ನೊಂದು ಗೊಂದಲ ಹುಟ್ಟಿಕೊಂಡಿದೆ. 'ಡಿಡಿಆರ್5ರಲ್ಲಿ ಒಂದು ಸ್ಟಿಕ್ಕೇ ಡ್ಯುಯಲ್ ಚಾನೆಲ್, ಎರಡು ಬೇಡ' ಎಂಬ ಮಾತು ಕೇಳಿಬರುತ್ತದೆ. ಅರ್ಧ ಸತ್ಯ. ಡಿಡಿಆರ್5 ಸ್ಟಿಕ್‌ನೊಳಗೆ 32 ಬಿಟ್‌ನ ಎರಡು ಉಪ ಚಾನೆಲ್‌ಗಳಿವೆ ನಿಜ. ಎರಡೂ ಸೇರಿದರೂ ಅದೇ 64 ಬಿಟ್. ಹಳೆಯ ಒಂದು ದಾರಿಯ ನಡುವೆ ಗೆರೆ ಎಳೆದು ಎರಡು ಮಾಡಿದ್ದಾರೆ, ದಾರಿ ಅಗಲವಾಗಿಲ್ಲ. ಎರಡು ಸ್ಟಿಕ್ ಈಗಲೂ ಬೇಕು.

ಲ್ಯಾಪ್‌ಟಾಪ್ ಕೊಳ್ಳುವಾಗ ರ‍್ಯಾಮ್ ಬೋರ್ಡ್‌ಗೇ ಬೆಸೆದಿದೆಯೋ, ಖಾಲಿ ಸ್ಲಾಟ್ ಇದೆಯೋ ಎಂದು ಕೇಳಿ. ಪೂರ್ತಿ ಬೆಸೆದದ್ದಾದರೆ ಕೊಳ್ಳುವ ದಿನ ಇದ್ದಷ್ಟೇ ಕೊನೆಯವರೆಗೂ.

ಸ್ಪೀಡ್‌ಗೆ ದುಡ್ಡು ಕೊಟ್ಟಿದ್ದೀರಿ, ಆನ್ ಮಾಡಿದ್ದೀರಾ?

3200 ಎಂದು ಬರೆದ ಗೇಮಿಂಗ್ ರ‍್ಯಾಮ್ ತಂದು ಸಿಕ್ಕಿಸಿದ ಮಾತ್ರಕ್ಕೆ ಅದು 3200ರಲ್ಲಿ ಓಡುತ್ತದೆ ಎಂದಲ್ಲ. ಇಂಥ ಬಹುತೇಕ ಡಿಡಿಆರ್4 ಕಿಟ್‌ಗಳು ಮೊದಲಿಗೆ 2133, 2400 ಅಥವಾ 2666ರಲ್ಲಿ ಶುರುವಾಗುತ್ತವೆ. ಡಿಡಿಆರ್5 6000 ಕಿಟ್ ಸಾಮಾನ್ಯವಾಗಿ 4800ರಲ್ಲಿ. ಬರೆದಿರುವ ಸ್ಪೀಡ್ ಬೇಕಿದ್ದರೆ ಬಯೋಸ್‌ಗೆ ಹೋಗಿ ಒಂದು ಪ್ರೊಫೈಲ್ ಆರಿಸಬೇಕು. ಇಂಟೆಲ್ ಬೋರ್ಡ್‌ನಲ್ಲಿ ಅದರ ಹೆಸರು ಎಕ್ಸ್‌ಎಂಪಿ. ಎಎಂಡಿಯ ಡಿಡಿಆರ್5 ಬೋರ್ಡ್‌ಗಳಲ್ಲಿ ಎಕ್ಸ್‌ಪೋ. ಕೆಲವು ಹಳೆಯ ಎಎಂಡಿ ಬೋರ್ಡ್‌ಗಳಲ್ಲಿ ಡಿಓಸಿಪಿ ಎಂದಿರುತ್ತದೆ. ಪಿಸಿ ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಒತ್ತುತ್ತಿದ್ದರೆ ಬಯೋಸ್ ತೆರೆದುಕೊಳ್ಳುತ್ತದೆ. ಪ್ರೊಫೈಲ್ ಆರಿಸಿ, ಸೇವ್ ಮಾಡಿ ಹೊರಬಂದರೆ ಆಯಿತು.

ಈಗ ನಿಮ್ಮ ಪಿಸಿಯಲ್ಲಿ ಏನಿದೆ ಎಂದು ನೋಡಲು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್, ಅದರಲ್ಲಿ ಮೆಮೊರಿ. ಸ್ಪೀಡ್ ಎಷ್ಟು, ಎಷ್ಟು ಸ್ಲಾಟ್ ಬಳಕೆಯಲ್ಲಿದೆ, ಎರಡೂ ಅಲ್ಲೇ ಕಾಣುತ್ತವೆ. ಹೊಸ ಕಿಟ್ ಕೊಳ್ಳುವ ಯೋಚನೆ ಇರುವವರು ಮೊದಲು ಇದನ್ನು ನೋಡುವುದು ಒಳ್ಳೆಯದು. ಬೇಕಾದ ಸ್ಪೀಡ್ ಈಗಾಗಲೇ ಮನೆಯಲ್ಲೇ ಇರಬಹುದು.

ಎಲ್ಲ ಬೋರ್ಡ್‌ಗಳೂ ಇದಕ್ಕೆ ಒಪ್ಪುವುದಿಲ್ಲ ಎಂಬುದು ಬೇರೆ ಮಾತು. ಕೋರ್ ಐ5 10400ಎಫ್ ಪ್ರೊಸೆಸರ್ ಅನ್ನು ಬಿ460 ಅಥವಾ ಎಚ್410 ಬೋರ್ಡ್ ಜೊತೆ ಕೊಂಡವರು ನಮ್ಮಲ್ಲಿ ಬಹಳ ಮಂದಿ. ಅಲ್ಲಿ 3600 ಕಿಟ್ ಹಾಕಿದರೂ ಓಡುವುದು 2666ರಲ್ಲೇ. ಇಂಟೆಲ್‌ನ ಮಧ್ಯಮ ದರ್ಜೆಯ ಬೋರ್ಡ್‌ಗಳಲ್ಲಿ ಈ ಬೀಗ ತೆರೆದದ್ದು 2021ರ ಬಿ560ರಿಂದ. ಬೋರ್ಡ್ ಯಾವುದು ಎಂದು ಕೇಳದೆಯೇ ದುಬಾರಿ ರ‍್ಯಾಮ್ ಶಿಫಾರಸು ಮಾಡುವ ಅಂಗಡಿಯನ್ನು ಬಿಟ್ಟು ಪಕ್ಕದ ಅಂಗಡಿಗೆ ಹೋಗುವುದೇ ಲೇಸು.

ಎಕ್ಸ್‌ಎಂಪಿ ಎಂಬುದು ತಾಂತ್ರಿಕವಾಗಿ ಓವರ್‌ಕ್ಲಾಕಿಂಗ್. ಆನ್ ಮಾಡಿದ ಮೇಲೆ ಗೇಮ್ ಕ್ರ್ಯಾಶ್ ಆಗುವುದು, ನೀಲಿ ಪರದೆ ಬರುವುದು ಶುರುವಾದರೆ ಒಂದು ಮೆಟ್ಟಿಲು ಕೆಳಗಿನ ಸ್ಪೀಡ್‌ಗೆ ಇಳಿಸಿ ನೋಡಿ. 6000ದಿಂದ 5600ಕ್ಕೆ ಇಳಿದರೆ ಆಟದಲ್ಲಿ ಗೊತ್ತಾಗುವುದೂ ಕಷ್ಟ.

ರೈಜೆನ್ ಇದ್ದರೆ ಒಂದಿಷ್ಟು ಹೆಚ್ಚು ಗಮನ

2017ರಲ್ಲಿ ಮೊದಲ ರೈಜೆನ್ ಬಂದಾಗಿನಿಂದಲೂ ಎಎಂಡಿ ಪ್ರೊಸೆಸರ್‌ಗಳು ರ‍್ಯಾಮ್ ಸ್ಪೀಡ್‌ಗೆ ಸ್ವಲ್ಪ ಹೆಚ್ಚೇ ಸ್ಪಂದಿಸುತ್ತವೆ. ಪ್ರೊಸೆಸರ್‌ನ ಒಳಭಾಗಗಳನ್ನು ಬೆಸೆಯುವ 'ಇನ್ಫಿನಿಟಿ ಫ್ಯಾಬ್ರಿಕ್' ಎಂಬ ಸಂಪರ್ಕ ಜಾಲದ ವೇಗವನ್ನು ರ‍್ಯಾಮ್ ವೇಗಕ್ಕೆ ಕಟ್ಟಿಹಾಕಿದ್ದೇ ಇದಕ್ಕೆ ಕಾರಣ. ರ‍್ಯಾಮ್ ನಿಧಾನವಾದರೆ ಪ್ರೊಸೆಸರ್‌ನ ಒಳಗಿನ ಓಡಾಟವೂ ನಿಧಾನ. ರೈಜೆನ್ 3000 ಮತ್ತು 5000 ಸರಣಿಗೆ 3600 ಒಳ್ಳೆಯ ಆಯ್ಕೆ, 3200 ಸಿಎಲ್16 ಇದ್ದರೂ ಕೊರಗಬೇಕಿಲ್ಲ. ಡಿಡಿಆರ್5 ಮಾತ್ರ ಒಪ್ಪುವ ರೈಜೆನ್ 7000 ಸರಣಿಗೆ 6000 ಸೂಕ್ತ ಎಂದು ಎಎಂಡಿಯೇ ಹೇಳಿದೆ. ಸಿಎಲ್30 ಸಿಕ್ಕರೆ ಒಳ್ಳೆಯದು, ಬೆಲೆ ವ್ಯತ್ಯಾಸ ದೊಡ್ಡದಾದರೆ ಸಿಎಲ್36 ತೆಗೆದುಕೊಂಡು ನಿಶ್ಚಿಂತೆಯಿಂದಿರಿ.

ಇದೇ ಎಎಂಡಿ ಈ ಸಮಸ್ಯೆಗೆ ಬೇರೆ ಮದ್ದನ್ನೂ ಕಂಡುಕೊಂಡಿದೆ. 2022ರ ಏಪ್ರಿಲ್‌ನಲ್ಲಿ ಬಂದ ರೈಜೆನ್ 7 5800ಎಕ್ಸ್3ಡಿ ಪ್ರೊಸೆಸರ್‌ಗೆ 96 ಎಂಬಿ ಎಲ್3 ಕ್ಯಾಶ್ ಕೊಟ್ಟಿತು. ಸಾಮಾನ್ಯ 5800ಎಕ್ಸ್‌ನಲ್ಲಿ ಇದ್ದದ್ದು 32 ಎಂಬಿ. ಭಟ್ಟರ ಪಕ್ಕದಲ್ಲೇ ಮೂರು ಪಟ್ಟು ದೊಡ್ಡ ಹಿಟ್ಟಿನ ಪಾತ್ರೆ ಇಟ್ಟರೆ ಉಗ್ರಾಣಕ್ಕೆ ಓಡುವ ಪ್ರಮೇಯವೇ ಕಡಿಮೆ. 7800ಎಕ್ಸ್3ಡಿ, 9800ಎಕ್ಸ್3ಡಿ ಕೂಡ ಇದೇ ಜಾತಿಯವು. ಇಂಥ ಪ್ರೊಸೆಸರ್ ಇದ್ದವರು ದುಬಾರಿ ರ‍್ಯಾಮ್ ಹಿಂದೆ ಬೀಳಬೇಕಾದ ಅಗತ್ಯ ಬಹಳ ಕಡಿಮೆ.

ಸ್ಪೀಡ್‌ಗಿಂತ ಮೊದಲು ಸಾಕಷ್ಟು ರ‍್ಯಾಮ್ ಇದೆಯಾ ನೋಡಿ

8 ಜಿಬಿ ಇಟ್ಟುಕೊಂಡು ಸ್ಪೀಡ್ ಬಗ್ಗೆ ತಲೆ ಕೆಡಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಸೈಬರ್‌ಪಂಕ್ 2077ಕ್ಕೆ ಕನಿಷ್ಠವೇ 12 ಜಿಬಿ ಬೇಕು, ಸ್ಟಾರ್‌ಫೀಲ್ಡ್‌ಗೆ 16 ಜಿಬಿ. ರ‍್ಯಾಮ್ ತುಂಬಿದ ಮೇಲೆ ವಿಂಡೋಸ್ ಮಾಹಿತಿಯನ್ನು ಎಸ್‌ಎಸ್‌ಡಿಗೆ ಸಾಗಿಸಲು ಶುರು ಮಾಡುತ್ತದೆ. ಭಟ್ಟರ ಹುಡುಗ ದಾದರ್‌ಗೆ ಹೊರಟ ಎಂದೇ ಲೆಕ್ಕ. ಆಗ ಆಗುವ ತಡವರಿಕೆಗೆ ಯಾವ ಸ್ಪೀಡ್‌ನ ರ‍್ಯಾಮೂ ಪರಿಹಾರವಲ್ಲ. ಇಂದಿನ ಮಟ್ಟಿಗೆ 16 ಜಿಬಿಯನ್ನು ಎರಡು 8 ಜಿಬಿ ಸ್ಟಿಕ್‌ಗಳಾಗಿ ಕೊಳ್ಳುವುದು ಕೈಗೆಟುಕುವ ದಾರಿ. ಬೆಲೆ ಇಳಿದಾಗ, ಬಜೆಟ್ ಇದ್ದಾಗ 32 ಜಿಬಿ.

ಎರಡು ಸಾಕು, ನಾಲ್ಕು ಬೇಡ ಎಂಬುದನ್ನೂ ಹೇಳಲೇಬೇಕು. ಡಿಡಿಆರ್5ರಲ್ಲಿ ನಾಲ್ಕೂ ಸ್ಲಾಟ್ ತುಂಬಿದರೆ ಪ್ರೊಸೆಸರ್‌ಗೆ ಭಾರ. ರೈಜೆನ್ 7000 ಸರಣಿಯಲ್ಲಿ ಎರಡು ಸ್ಟಿಕ್‌ಗೆ ಅಧಿಕೃತ ಸ್ಪೀಡ್ 5200 ಇದ್ದರೆ, ನಾಲ್ಕಕ್ಕೆ 3600. ಎರಡು 8 ಜಿಬಿ ಸ್ಟಿಕ್ ಇರುವವರು 32 ಜಿಬಿ ಮಾಡಲು ಇನ್ನೆರಡು ಸೇರಿಸುವ ಬದಲು, ಹಳೆಯದನ್ನು ಮಾರಿ ಎರಡು 16 ಜಿಬಿಯ ಒಂದೇ ಕಿಟ್ ಕೊಳ್ಳುವುದು ಉತ್ತಮ. ಡಿಡಿಆರ್4ರಲ್ಲಿ ಇಷ್ಟು ತಕರಾರಿಲ್ಲ. ಆದರೆ ಬೇರೆ ಬೇರೆ ಸ್ಪೀಡ್‌ನ ಸ್ಟಿಕ್ ಬೆರೆಸಿದರೆ ಎಲ್ಲವೂ ನಿಧಾನದ್ದರ ವೇಗಕ್ಕೇ ಇಳಿಯುತ್ತವೆ. ಇನ್ನು ಡಿಡಿಆರ್4 ಸ್ಟಿಕ್ ಡಿಡಿಆರ್5 ಸ್ಲಾಟ್‌ನಲ್ಲಿ ಕೂರುವುದೇ ಇಲ್ಲ. ಕಚ್ಚು ಇರುವ ಜಾಗವೇ ಬೇರೆ, ಬಲವಂತ ಮಾಡಬೇಡಿ.

ನಾಲ್ಕು ಸ್ಲಾಟ್ ಇರುವ ಬೋರ್ಡ್‌ನಲ್ಲಿ ಎರಡು ಸ್ಟಿಕ್ ಹಾಕುವಾಗ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗೆ ಹಾಕಬೇಕು. ಪಕ್ಕಪಕ್ಕದಲ್ಲಿ ಹಾಕಿದರೆ ಎರಡು ಸ್ಟಿಕ್ ಇದ್ದೂ ಒಂದೇ ಚಾನೆಲ್ ಕೆಲಸ ಮಾಡುವ ಸಾಧ್ಯತೆ ಇರುತ್ತದೆ. ಹೊಸ ಎಎಂಡಿ ಬೋರ್ಡ್‌ಗಳಲ್ಲಿ ಡಿಡಿಆರ್5 ಹಾಕಿ ಮೊದಲ ಬಾರಿ ಆನ್ ಮಾಡಿದಾಗ ಕೆಲವು ನಿಮಿಷ ಸ್ಕ್ರೀನ್ ಕಪ್ಪಾಗಿಯೇ ಇರಬಹುದು. ಬೋರ್ಡ್ ರ‍್ಯಾಮ್ ಜೊತೆ ಹೊಂದಾಣಿಕೆ ಮಾಡಿಕೊಳ್ಳುತ್ತಿರುತ್ತದೆ. ಸುಟ್ಟುಹೋಯಿತು ಎಂದುಕೊಂಡು ಸ್ವಿಚ್ ಆಫ್ ಮಾಡಬೇಡಿ, ಒಂದು ಚಹಾ ಕುಡಿದು ಬನ್ನಿ.